ಕೆರೆ ಕೋಡಿ ಹರಿದ ಫೋಟೊ ಯಾವ ವರ್ಷದ್ದು?

ನಮ್ಮೂರು ಕೋಲಾರ ತಾಲ್ಲೂಕಿನಲ್ಲಿ, ನರಸಾಪುರದ ಕಡೆ. ಯುಗಾದಿಗೆ ಎಲ್ಲರೂ ಊರಲ್ಲಿ ಸೇರಿದ್ದಾಗ ನಮ್ಮ ಕೆರೆ ಕೋಡಿ ಹರಿದದ್ದು ಯಾವ ವರ್ಷ ಅನ್ನುವ ಮಾತು ಬಂತು. ದೊಡ್ಡಪ್ಪ 2020 ಅಂದರು. ಅಪ್ಪ, ‘ಇಲ್ಲಣ್ಣ, ಅದಾದ ಎರಡು ವರ್ಷಕ್ಕೆ’ ಅಂದರು. ನನ್ನ ತಮ್ಮ ಫೋನ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ಫೋಟೊ ಹುಡುಕಿದ. ಕೋಡಿ ಕಲ್ಲಿನ ಮೇಲೆ ಮೊಣಕಾಲುದ್ದ ನೀರು ಧುಮುಕುತ್ತಿದೆ. ಕೆಳಗೆ ಹುಡುಗರು ಮೀನು ಹಿಡಿಯಲು ಸೊಳ್ಳೆ ಪರದೆ ಹಿಡಿದು ನಿಂತಿದ್ದಾರೆ. ಫೈಲಿನ ಹೆಸರಿನಲ್ಲಿ 2022ರ ಮಾರ್ಚ್ ತಿಂಗಳ ತಾರೀಕು. ಸರಿ, ಅಪ್ಪ ಹೇಳಿದ್ದೇ ನಿಜ ಅಂತ ಆಯಿತು.

ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. ‘ಮಾರ್ಚಲ್ಲಿ ಯಾವ ಕೆರೆ ಕೋಡಿ ಹರಿಯುತ್ತೆ? ರಾಗಿ ಕೊಯ್ಯೋ ಟೈಮಲ್ಲಿ ಮಳೆ ಹಿಡ್ಕೊಂಡು ಪೈರೆಲ್ಲ ನೆಲಕ್ಕೆ ಬಿದ್ದು, ತೆನೇಲೇ ಮೊಳಕೆ ಬಂತಲ್ಲ, ಅದೇ ವರ್ಷ’ ಅಂದರು.

ಆ ಫೋಟೊ ತೆಗೆದದ್ದು ಅಪ್ಪನ ಹಳೇ ಫೋನಿನಲ್ಲಿ. ಆ ಫೋನು ಬೀರುವಿನಲ್ಲಿ, ಪಹಣಿ, ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಕವರಿನ ಜೊತೆ ಇತ್ತು. ಚಾರ್ಜಿಗೆ ಹಾಕಿ ಸುಮಾರು ಹೊತ್ತು ಕಾದ ಮೇಲೆ ಆನ್ ಆಯಿತು. ಪ್ಯಾಟರ್ನ್ ಏನು ಅಂತ ಅಪ್ಪನನ್ನು ಕೇಳಿದೆ. ಹೇಳೋಕೆ ಬರಲಿಲ್ಲ. ಫೋನನ್ನು ಕೈಗೆ ಕೊಟ್ಟ ಕೂಡಲೇ ಬೆರಳು ತಾನಾಗಿ ಗೆರೆ ಎಳೆಯಿತು. ಕೇಬಲ್ ಹಾಕಿ, ಅದರಲ್ಲಿದ್ದದ್ದನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಅದೇ ಫೋಟೊ ಸಿಕ್ಕಿತು. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಅನ್ನುವ ಕಡೆ ನೋಡಿದರೆ ಡೇಟ್ ಟೇಕನ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ 2021ರ ನವೆಂಬರ್ 20, ಬೆಳಗ್ಗೆ 7 ಗಂಟೆ 12 ನಿಮಿಷ ಅಂತ ಇತ್ತು. ಆ ನವೆಂಬರ್ ಮಳೆ ಕೋಲಾರದವರಿಗೆ ಮರೆಯುವಂಥದ್ದಲ್ಲ. ಕೊಯ್ಲಿಗೆ ಬಂದ ರಾಗಿ ನೀರುಪಾಲಾಯಿತು, ಕೆರೆಗಳು ತುಂಬಿ ಕೋಡಿ ಬಿದ್ದವು. ದೊಡ್ಡಮ್ಮನ ಲೆಕ್ಕ ಸರಿಯಾಗಿತ್ತು.

ಹಾಗಾದರೆ ತಮ್ಮನ ಫೋನಿನಲ್ಲಿ ಮಾರ್ಚ್ ಎಲ್ಲಿಂದ ಬಂತು? ವಾಟ್ಸಾಪ್‌ನಲ್ಲಿ ಬಂದ ಫೋಟೊದ ಹೆಸರು ಐಎಂಜಿ ಅಂತ ಶುರುವಾಗಿ, ಮಧ್ಯೆ ತಾರೀಕು ಇದ್ದು, ಕೊನೆಗೆ ಡಬ್ಲ್ಯೂಎ ಅಂತ ಒಂದು ಸಂಖ್ಯೆ ಇರುತ್ತದೆ. ಆ ತಾರೀಕು ಫೋಟೊ ತೆಗೆದ ದಿನದ್ದಲ್ಲ, ಫೋನಿಗೆ ಬಂದು ತಲುಪಿದ ದಿನದ್ದು. ಯಾರೋ ನಾಲ್ಕು ತಿಂಗಳಾದ ಮೇಲೆ ಗ್ರೂಪಿಗೆ ಮತ್ತೆ ಹಾಕಿದ್ದಾರೆ, ಅಷ್ಟೇ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕ್ಯಾಮೆರಾ ಫೋಟೊ ತೆಗೆದಾಗ ಚಿತ್ರದ ಜೊತೆಗೇ ತಾರೀಕು, ಸಮಯ, ಯಾವ ಫೋನು, ಲೊಕೇಶನ್ ಆನ್ ಇದ್ದರೆ ಯಾವ ಜಾಗ ಅಂತ ಫೈಲಿನೊಳಗೇ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಅನ್ನುತ್ತಾರೆ. 1990ರ ದಶಕದಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳವರು ಸೇರಿ ಮಾಡಿಕೊಂಡ ಏರ್ಪಾಡು ಇದು. ಇವತ್ತಿನ ಫೋನುಗಳೂ ಅದನ್ನೇ ಪಾಲಿಸುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಚಿತ್ರ ಚಿಕ್ಕದಾಗುವುದರ ಜೊತೆಗೆ ಈ ಬರಹವೂ ಅಳಿಸಿಹೋಗುತ್ತದೆ. ಫೋಟೊ ಉಳಿಯುತ್ತೆ, ಅದು ಯಾವತ್ತಿನದು ಅನ್ನೋದು ಹೋಗುತ್ತೆ.

ಆವತ್ತಿನಿಂದ ನಾನು ಮನೆಯವರಿಗೆಲ್ಲ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. ಫೋಟೊನ ತೆಗೆದ ಫೋನಿನಿಂದಲೇ ಕಂಪ್ಯೂಟರ್‌ಗೆ ಇಳಿಸಬೇಕು. ಇಳಿಸಿದ ಮೇಲೆ ಅದರಲ್ಲಿ ಯಾರಿದ್ದಾರೆ, ಎಲ್ಲಿ, ಯಾಕೆ ಅಂತ ಬರೆದಿಡಬೇಕು. ಫೋನಿನಲ್ಲಿ ಜಾಗ ಇಲ್ಲ ಅಂತ ಫೋಟೊ ಇಳಿಸುವವರೇ ಜಾಸ್ತಿ. ಜಾಗ ಮಾಡಿಕೊಳ್ಳುವುದು ಸರಿಯೇ. ಆದರೆ ಸುಮ್ನೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುರಿದರೆ ಏನು ಬಂತು? ನಮ್ಮ ಅಜ್ಜಿಯ ಟ್ರಂಕಿನಲ್ಲಿ ಕಪ್ಪು ಬಿಳುಪಿನ ಫೋಟೊಗಳಿವೆ. ಒಂದೊಂದರ ಹಿಂದೆಯೂ ತಾತ ಇಂಕ್ ಪೆನ್ನಿನಲ್ಲಿ ಬರೆದಿದ್ದಾರೆ. ‘ದೊಡ್ಡ ಮಗಳ ಮದುವೆ, ಮಾಲೂರು’ ಅಂತ ಒಂದು. ‘ಹೊಸ ಎತ್ತು’ ಅಂತ ಇನ್ನೊಂದು. ಆ ಬರಹ ಇಲ್ಲದಿದ್ದರೆ ಅಲ್ಲಿರುವ ಅರ್ಧ ಜನ ಯಾರು ಅಂತ ನಮಗೆ ಗೊತ್ತಾಗುತ್ತಿರಲಿಲ್ಲ. ಫೋನಿನ ಫೋಟೊಗೆ ಬರೆಯೋಕೆ ಬೆನ್ನಿಲ್ಲ. ಆ ಕೆಲಸ ಕಂಪ್ಯೂಟರಿನಲ್ಲೇ ಆಗಬೇಕು.

ಕೆರೆಯ ವಿಷಯಕ್ಕೆ ಇಷ್ಟೊಂದು ಯಾಕೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಮಗೆ ನೀರು ಅಂದರೆ ಕೆರೆ, ಇಲ್ಲವಾದರೆ ಸಾವಿರ ಅಡಿ ದಾಟಿದ ಬೋರ್‌ವೆಲ್. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನಮ್ಮ ಕೆರೆಯಲ್ಲಿ ನೀರಿರಲಿಲ್ಲ, ಜಾಲಿ ಬೆಳೆದಿತ್ತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ಬಿಟ್ಟದ್ದು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದೊಂದೇ ಕೆರೆಗೆ ಹರಿಯಿತು. ನೊರೆ ಎದ್ದದ್ದು, ವಿಷಯ ಕೋರ್ಟಿಗೆ ಹೋದದ್ದು ಎಲ್ಲ ಆಯಿತು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ಇವತ್ತಿಗೂ ಊರಲ್ಲಿ ಮಾತು ನಡೆಯುತ್ತದೆ. ಅಪ್ಪನ ಹಳೇ ಫೋನಿನಲ್ಲಿ ಇದೆಲ್ಲ ಇತ್ತು. ಬಿರುಕು ಬಿಟ್ಟ ಕೆರೆ ಅಂಗಳ. ಜೆಸಿಬಿ ಜಾಲಿ ಕೀಳುತ್ತಿರುವುದು. ಕಾಲುವೆಯಲ್ಲಿ ಮೊದಲ ನೀರು ಕಸ ತಳ್ಳಿಕೊಂಡು ಬರುತ್ತಿರುವುದು. ಆಮೇಲೆ ಕೋಡಿ. ನಮ್ಮೂರ ಕೆರೆಯ ಫೋಟೊನ ಯಾವ ಪೇಪರಿನವರೂ ತೆಗೆದಿಲ್ಲ, ಯಾವ ಇಲಾಖೆಯವರೂ ವರ್ಷ ವರ್ಷ ಬಂದು ತೆಗೆಯುವುದಿಲ್ಲ. ಅದು ಇದ್ದದ್ದು ಬೀರುವಿನಲ್ಲಿದ್ದ ಒಂದು ಫೋನಿನಲ್ಲಿ ಮಾತ್ರ.

ಇನ್ನು ಇಳಿಸುವ ಕೆಲಸ. ಇದು ಕಷ್ಟ ಅಲ್ಲ. ಆದರೆ ಮೊದಲ ಸಲ ಕೂತವರಿಗೆ ಎಲ್ಲ ಕಡೆ ಅಡ್ಡ ಸಿಗುತ್ತದೆ. ಎರಡು ಸಲ ಸೋತರೆ ‘ನಮ್ಮ ಫೋನು ಕಂಪ್ಯೂಟರ್‌ಗೆ ಬರಲ್ಲ’ ಅಂತ ಬಿಟ್ಟೇಬಿಡುತ್ತಾರೆ. ಹಾಗೆ ಬಿಟ್ಟವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಮೊದಲ ಅಡ್ಡ ಕೇಬಲ್. ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಗುವ ಕೆಲವು ಕೇಬಲ್‌ಗಳಲ್ಲಿ ಕರೆಂಟ್ ಹೋಗುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವ ತಂತಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಫೋನ್ ಚಾರ್ಜ್ ಆಗುತ್ತಿರುತ್ತೆ, ಕಂಪ್ಯೂಟರ್ ಮಾತ್ರ ಏನೂ ಕಂಡಿಲ್ಲ ಅನ್ನುವ ಹಾಗೆ ಇರುತ್ತೆ. ಕೇಬಲ್ ಬದಲಿಸಿ ನೋಡದೆ ಬೇರೆ ಏನನ್ನೂ ಅನುಮಾನಿಸಬೇಡಿ.

ಎರಡನೆಯದು ಫೋನಿನದೇ ಕಾವಲು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ, ಕೇಬಲ್ ಹಾಕಿದರೆ ಫೋನು ಚಾರ್ಜ್ ಮಾತ್ರ ತಗೊಳ್ಳುತ್ತದೆ. ಒಳಗಿರುವುದನ್ನು ತೋರಿಸುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲೋ ಬೇರೆಯವರ ಮನೆಯಲ್ಲೋ ಚಾರ್ಜಿಗೆ ಹಾಕಿದಾಗ ನಮ್ಮ ಫೋಟೊಗಳು ಇನ್ನೊಬ್ಬರಿಗೆ ಸಿಗಬಾರದಲ್ವಾ, ಅದಕ್ಕೆ. ಫೋನಿನ ಲಾಕ್ ತೆಗೆದು, ಮೇಲಿನಿಂದ ಕೆಳಗೆ ಬೆರಳು ಎಳೆದರೆ ಯುಎಸ್‌ಬಿಯಿಂದ ಚಾರ್ಜ್ ಆಗುತ್ತಿದೆ ಅನ್ನುವ ಸೂಚನೆ ಕಾಣುತ್ತದೆ. ಅದನ್ನು ಒತ್ತಿ ಫೈಲ್ ಟ್ರಾನ್ಸ್‌ಫರ್ ಅಂತ ಆರಿಸಬೇಕು. ಆಗ ಕಂಪ್ಯೂಟರಿನ ದಿಸ್ ಪಿಸಿ ಒಳಗೆ ಫೋನಿನ ಹೆಸರು ಬರುತ್ತದೆ. ಲಾಕ್ ತೆಗೆಯದಿದ್ದರೆ ಹೆಸರು ಬಂದರೂ ಒಳಗೆ ಖಾಲಿ.

ವಯಸ್ಸಾದವರ ಫೋನಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅವರ ಪಿನ್ನು, ಪ್ಯಾಟರ್ನು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಅವರೇ ಇಲ್ಲವಾದ ಮೇಲೆ ಆ ಫೋನು ತೆರೆಯುವುದಿಲ್ಲ. ಕೇಬಲ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಕೇಳುವುದಕ್ಕೆ ಸಂಕೋಚ ಆಗುತ್ತೆ, ನಿಜ. ‘ಅಜ್ಜಿ, ಫೋಟೊ ಇಳಿಸಬೇಕು, ನಂಬರ್ ಹೇಳು’ ಅಂತ ಕೇಳಿದರೆ ಆ ಸಂಕೋಚವೂ ಇರುವುದಿಲ್ಲ. ಫೋನ್ ಬಿದ್ದು ಟಚ್ ಕೆಲಸ ಮಾಡದೆ, ಡಿಸ್‌ಪ್ಲೇ ಮಾತ್ರ ಕಾಣುತ್ತಿದ್ದರೆ ಅದಕ್ಕೂ ದಾರಿ ಇದೆ. ಓಟಿಜಿ ಅನ್ನುವ ಚಿಕ್ಕ ಕನೆಕ್ಟರ್ ಹಾಕಿ ಫೋನಿಗೆ ಮೌಸ್ ಚುಚ್ಚಿದರೆ, ಬಹಳಷ್ಟು ಫೋನುಗಳಲ್ಲಿ ತೆರೆಯ ಮೇಲೆ ಬಾಣ ಬರುತ್ತದೆ. ಅದರಲ್ಲೇ ಪ್ಯಾಟರ್ನ್ ಎಳೆದು ಲಾಕ್ ತೆಗೆಯಬಹುದು.

ಒಳಗೆ ಹೋದ ಮೇಲೆ ಡಿಸಿಐಎಂ ಅನ್ನುವ ಫೋಲ್ಡರ್ ಹುಡುಕಬೇಕು. ಡಿಜಿಟಲ್ ಕ್ಯಾಮೆರಾಗಳ ಕಾಲದಿಂದ ಬಂದ ಹೆಸರು ಅದು. ಆಂಡ್ರಾಯ್ಡ್ ಫೋನು ಯಾವ ಕಂಪನಿಯದಾದರೂ ಆಗಲಿ, ಕ್ಯಾಮೆರಾದಲ್ಲಿ ತೆಗೆದದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ವಾಟ್ಸಾಪ್ ಫೋಟೊಗಳು ಅಲ್ಲಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ಹೊಸ ಆಂಡ್ರಾಯ್ಡ್‌ಗಳಲ್ಲಿ ಅವು ಆಂಡ್ರಾಯ್ಡ್ ಅನ್ನುವ ಫೋಲ್ಡರಿನೊಳಗಿನ ಮೀಡಿಯಾದಲ್ಲಿ, ವಾಟ್ಸಾಪ್ ಹೆಸರಿನ ಫೋಲ್ಡರಿನಲ್ಲಿ ಇರುತ್ತವೆ. ಮೆಮೊರಿ ಕಾರ್ಡ್ ಇರುವ ಫೋನಾದರೆ ಕಾರ್ಡಿನಲ್ಲಿ ಇನ್ನೊಂದು ಡಿಸಿಐಎಂ ಇರುತ್ತದೆ. ಅದನ್ನು ಮರೆಯುವವರು ಜಾಸ್ತಿ.

ಇಲ್ಲಿಂದ ಮುಂದೆ ತಾಳ್ಮೆ ಬೇಕು. ಮೊದಲೆಲ್ಲ ಆಂಡ್ರಾಯ್ಡ್ ಫೋನು ಕಂಪ್ಯೂಟರಿಗೆ ಪೆನ್‌ಡ್ರೈವ್ ಆಗಿಯೇ ಕಾಣುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಫೋನಿಗೆ ತನ್ನದೇ ಕಾರ್ಡು ಕಾಣುತ್ತಿರಲಿಲ್ಲ. 2011ರ ಆಂಡ್ರಾಯ್ಡ್ 3ರಿಂದ ಎಂಟಿಪಿ ಅನ್ನುವ ಪದ್ಧತಿ ಬಂತು. ಈಗ ಕಂಪ್ಯೂಟರ್ ನೇರವಾಗಿ ಒಳಗೆ ಕೈ ಹಾಕುವುದಿಲ್ಲ. ಒಂದೊಂದು ಫೈಲನ್ನೂ ಫೋನಿನ ಹತ್ತಿರ ಕೇಳಿ ತಗೊಳ್ಳುತ್ತದೆ. ಅದಕ್ಕೇ ಸಾವಿರಾರು ಫೋಟೊ ಇರುವ ಫೋಲ್ಡರ್ ತೆರೆದರೆ ಮೇಲೆ ಹಸಿರು ಪಟ್ಟಿ ತೆವಳುತ್ತಾ ಇರುತ್ತದೆ. ಹ್ಯಾಂಗ್ ಆಯಿತು ಅಂದುಕೊಂಡು ಕೇಬಲ್ ಕಿತ್ತುಬಿಡುತ್ತಾರೆ. ಕೀಳಬೇಡಿ, ಕಾಯಿರಿ. ಟೈಪ್-ಸಿ ಪಿನ್ ಇದ್ದ ಮಾತ್ರಕ್ಕೆ ವೇಗವಾಗಿ ಬರುತ್ತೆ ಅಂತಲೂ ಇಲ್ಲ. ಎಷ್ಟೋ ಫೋನುಗಳಲ್ಲಿ ಪಿನ್ ಹೊಸದು, ಒಳಗಿರುವುದು ಹಳೇ, ನಿಧಾನದ ಯುಎಸ್‌ಬಿ 2.0. ಎಲ್ಲವನ್ನೂ ಒಂದೇ ಸಲ ಆರಿಸದೆ ತಿಂಗಳು ತಿಂಗಳಿನದು ಕಾಪಿ ಮಾಡಿದರೆ ಮಧ್ಯೆ ನಿಂತರೂ ಎಲ್ಲಿಗೆ ನಿಂತಿತು ಅಂತ ಗೊತ್ತಾಗುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಬರುತ್ತಿರುತ್ತದೆ. ಅದಕ್ಕೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇದ್ದಾಗ ಮಾತ್ರ ಈ ಕೆಲಸಕ್ಕೆ ಕೂರುತ್ತೇನೆ.

ಕಟ್ ಮಾಡಿ ಪೇಸ್ಟ್ ಮಾಡುವುದು ಬೇಡವೇ ಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾಪಿ ಮಾಡಿ. ಎರಡೂ ಕಡೆ ಎಷ್ಟು ಫೈಲ್ ಇವೆ ಅಂತ ಎಣಿಕೆ ನೋಡಿ. ಮೊದಲಿನ ಒಂದು, ಮಧ್ಯದ ಒಂದು, ಕೊನೆಯ ಒಂದು ಫೋಟೊ ತೆರೆದು ನೋಡಿ. ವಿಡಿಯೊ ಇದ್ದರೆ ಕೊನೆತನಕ ಓಡಿಸಿ. ಆಮೇಲೆ ಫೋನಿನಲ್ಲಿ ಡಿಲೀಟ್ ಮಾಡುವ ಯೋಚನೆ. ಕಂಪ್ಯೂಟರಿನಿಂದ ಫೋನಿನ ಫೈಲನ್ನು ಡಿಲೀಟ್ ಮಾಡಿದರೆ ಅದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತು ಅಂದರೆ ಹೋಯಿತು.

ತಮ್ಮನ ಹೆಂಡತಿಯದು ಐಫೋನ್. ನಮ್ಮ ನರಸಾಪುರದ ಫ್ಯಾಕ್ಟರಿಯಲ್ಲೂ ಐಫೋನ್ ಜೋಡಿಸುತ್ತಾರೆ. ಬೆಳಗಿನ ಜಾವ ಊರ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲು ಬಸ್ಸು ಬರುತ್ತದೆ. ಆ ಫೋನಿನಲ್ಲಿ ಕೇಬಲ್ ಹಾಕಿದಾಗ ಈ ಕಂಪ್ಯೂಟರನ್ನು ನಂಬಬಹುದಾ ಅಂತ ಕೇಳುತ್ತದೆ, ಟ್ರಸ್ಟ್ ಅಂತ ಒತ್ತಬೇಕು. 2017ರಿಂದ ಈಚೆಗೆ ಅದರ ಫೋಟೊಗಳು ಎಚ್‌ಇಐಸಿ ಅನ್ನುವ ರೂಪದಲ್ಲಿ ಇರುತ್ತವೆ. ಜಾಗ ಕಡಿಮೆ ಹಿಡಿಯುತ್ತೆ, ಆದರೆ ಹಳೇ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಕಾಪಿ ಮಾಡುವಾಗ ಮಧ್ಯದಲ್ಲಿ ಎರರ್ ಬಂದು ನಿಂತರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ (ಹೊಸ ಐಫೋನುಗಳಲ್ಲಿ ಅದರೊಳಗಿನ ಆ್ಯಪ್ಸ್‌ನಲ್ಲಿ) ಫೋಟೊಸ್ ಒಳಗೆ ಹೋಗಿ, ಕೊನೆಗಿರುವ ಮ್ಯಾಕ್ ಅಥವಾ ಪಿಸಿಗೆ ಕಳಿಸುವ ಆಯ್ಕೆಯಲ್ಲಿ ಕೀಪ್ ಒರಿಜಿನಲ್ಸ್ ಅಂತ ಇಟ್ಟರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಜೆಪಿಜಿ ರೂಪಕ್ಕೆ ಬದಲಿಸಿಕೊಳ್ಳುವುದನ್ನು ಆಮೇಲೆ ನಿಧಾನವಾಗಿ ಮಾಡಬಹುದು.

ಕೇಬಲ್ ಯಾಕೆ, ಗೂಗಲ್ ಫೋಟೊಸ್ ಇದೆಯಲ್ಲ ಅಂತ ಹುಡುಗರು ಕೇಳುತ್ತಾರೆ. ಇದೆ, ಒಳ್ಳೆಯದೇ. ಆದರೆ 2021ರ ಜೂನ್ 1ರಿಂದ ಅಲ್ಲಿ ಲೆಕ್ಕವಿಲ್ಲದಷ್ಟು ಫೋಟೊ ಬಿಟ್ಟಿ ಇಡುವುದು ನಿಂತಿತು. ಮೇಲ್, ಡ್ರೈವ್ ಎಲ್ಲ ಸೇರಿ ಬಿಟ್ಟಿ ಸಿಗುವುದು 15 ಜಿಬಿ. ಊರಿನ ನೆಟ್‌ವರ್ಕಿನಲ್ಲಿ ವಿಡಿಯೊ ಮೇಲೆ ಹತ್ತಬೇಕಾದರೆ ರಾತ್ರಿಯೆಲ್ಲ ಬೇಕು. ಬ್ಲೂಟೂತ್ ಒಂದೆರಡು ಫೋಟೊಗೆ ಸರಿ, ವರ್ಷಗಟ್ಟಲೆಯದಕ್ಕೆ ಆಗುವುದಿಲ್ಲ. ಕೇಬಲ್ ಇಲ್ಲದೆ ಹತ್ತಿರದ ಸಾಧನಕ್ಕೆ ಫೈಲ್ ಕಳಿಸುವ ಕ್ವಿಕ್ ಶೇರ್ ಈಗ ವಿಂಡೋಸ್‌ಗೂ ಬಂದಿದೆ, ಆಗಾಗ ಸ್ವಲ್ಪ ಸ್ವಲ್ಪ ಕಳಿಸುವವರಿಗೆ ಚೆನ್ನಾಗಿದೆ. ಇಡೀ ಫೋನಿನದು ಅಂದರೆ ನನಗೆ ಕೇಬಲ್ಲೇ ನಂಬಿಕೆ.

ಚಿಕ್ಕಪ್ಪನ ಮನೆಯಲ್ಲಿ ಆದದ್ದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾದೆ. ಅವರ ಫೋನು ಆನ್ ಆಗದೆ ಟೌನಿನ ಒಂದು ರಿಪೇರಿ ಅಂಗಡಿಗೆ ಕೊಟ್ಟರು. ಸರಿಯಾಗಿ ಬಂತು. ಆದರೆ ರೀಸೆಟ್ ಮಾಡಿ ಕೊಟ್ಟಿದ್ದರು, ಒಳಗೆ ಏನೂ ಇರಲಿಲ್ಲ. ಅಜ್ಜಿ ಕೊನೆಯ ಎರಡು ವರ್ಷ ಅವರ ಮನೆಯಲ್ಲೇ ಇದ್ದರು. ಆ ಎರಡು ವರ್ಷದ ಅಜ್ಜಿಯ ಫೋಟೊ ಎಲ್ಲ ಆ ಫೋನಿನಲ್ಲೇ ಇತ್ತು. ಅಜ್ಜಿ ಹೋದಾಗ ಗೋಡೆಗೆ ಹಾಕಲು ದೊಡ್ಡ ಫೋಟೊ ಮಾಡಿಸಬೇಕಿತ್ತು. ಸಿಕ್ಕಿದ್ದು ನೆಂಟರ ವಾಟ್ಸಾಪಿನಲ್ಲಿ ಉಳಿದಿದ್ದವು ಮಾತ್ರ. ಸ್ಟುಡಿಯೊದವರು ನೋಡಿ, ‘ಒರಿಜಿನಲ್ ಇದ್ರೆ ತನ್ನಿ ಸಾರ್, ಇದು ದೊಡ್ಡದು ಮಾಡಿದ್ರೆ ಮುಖ ಒಡೆಯುತ್ತೆ’ ಅಂದರು. ಅವರು ಹೇಳಿದ್ದು ಸರಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಅಂದರೆ 4000ಕ್ಕೆ 3000 ಚುಕ್ಕಿ. ವಾಟ್ಸಾಪ್ ಅದನ್ನು ಮಾಮೂಲಿಯಾಗಿ ಉದ್ದಕ್ಕೆ ಸುಮಾರು 1600 ಚುಕ್ಕಿಗೆ ಇಳಿಸಿಬಿಡುತ್ತದೆ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ ಐದು ಇಂಚು ಚಿಲ್ಲರೆ ಬರುತ್ತೆ. ಆಲ್ಬಮ್ಮಿಗೆ ಸಾಕು, ಗೋಡೆಗೆ ಸಾಲದು. ಕೊನೆಗೆ ಎಲ್ಲರಿಗೂ ಫೋನ್ ಮಾಡಿ, ಯಾರಾದರೂ ತಮ್ಮ ಫೋನಿನಲ್ಲೇ ಅಜ್ಜಿಯ ಫೋಟೊ ತೆಗೆದಿದ್ದೀರಾ ಅಂತ ಕೇಳಿದೆವು. ಮಾಲೂರಿನ ಅಕ್ಕನ ಹತ್ತಿರ ಒಂದಿತ್ತು. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ ಅಂತ ಹೇಳಿದೆ. ಹಾಗೆ ಕಳಿಸಿದರೆ ಚಿತ್ರ ಇದ್ದ ಹಾಗೇ ಬರುತ್ತದೆ, ತಾರೀಕೂ ಅಳಿಸುವುದಿಲ್ಲ. ಇವತ್ತು ಗೋಡೆಯ ಮೇಲಿರುವುದು ಅದೇ.

ಅಪ್ಪನ ಫೋನಿನಲ್ಲಿ ಜನರ ಫೋಟೊಕ್ಕಿಂತ ಟೊಮೆಟೊ ಎಲೆಗಳ ಫೋಟೊ ಜಾಸ್ತಿ. ಅಂಗಮಾರಿ ಬಂದಿದ್ದು, ಎಲೆ ಮುದುಡಿದ್ದು. ಔಷಧಿ ಅಂಗಡಿಯವರಿಗೆ ತೋರಿಸೋಕೆ ತೆಗೆದದ್ದು. ಜೊತೆಗೆ ಮಂಡಿ ಚೀಟಿಗಳು. ಇವನ್ನೆಲ್ಲ ಯಾಕೆ ಇಡಬೇಕು, ಡಿಲೀಟ್ ಮಾಡು ಅಂತ ತಮ್ಮ ಅಂದ. ನಾನು ಬೇಡ ಅಂದೆ. ಎಲೆಯ ಫೋಟೊಗಳನ್ನು ತಾರೀಕಿನ ಪ್ರಕಾರ ಸಾಲಾಗಿ ಜೋಡಿಸಿ ಅಪ್ಪನಿಗೆ ತೋರಿಸಿದೆ. ಯಾವ ತಿಂಗಳಲ್ಲಿ ನಾಟಿ ಮಾಡಿದಾಗ ರೋಗ ಬಂತು, ಯಾವ ಮಳೆ ಆದ ಮೇಲೆ ಬಂತು ಅಂತ ಅಪ್ಪ ಒಂದೊಂದನ್ನೇ ನೋಡಿ ಹೇಳುತ್ತಾ ಹೋದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ನೋಡಿದರು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತಲ್ಲ, ಆ ದಿನಗಳ ಚೀಟಿಯೂ ಇದೆ. ಅದಕ್ಕೆ ಹಿಂದೆ, ಕೊಯ್ದ ಕೂಲಿಯೂ ಹುಟ್ಟದ ದಿನಗಳ ಚೀಟಿಯೂ ಇದೆ. ಮಂಡಿ ಚೀಟಿಯ ಶಾಯಿ ಬೇಗ ಮಾಸಿಹೋಗುತ್ತದೆ. ಫೋಟೊದಲ್ಲಿ ಅಂಕಿ ಇನ್ನೂ ಓದಲು ಬರುತ್ತದೆ. ಇದು ನಮ್ಮ ಮನೆಯ ಲೆಕ್ಕದ ಪುಸ್ತಕ.

ಫೋಲ್ಡರಿಗೆ ಹೆಸರಿಡುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಏನು ಅಂತ ಬರೆಯುತ್ತೇನೆ. 2021-11-20 ಕೆರೆ ಕೋಡಿ. ದಿನ ಮೊದಲು ಬರೆದರೆ ಕಂಪ್ಯೂಟರು ಎಲ್ಲ ವರ್ಷದ 20ನೇ ತಾರೀಕನ್ನು ಒಂದು ಕಡೆ ಗುಡ್ಡೆ ಹಾಕುತ್ತದೆ. ವರ್ಷ ಮೊದಲಿದ್ದರೆ ಆದ ಕ್ರಮದಲ್ಲೇ ನಿಲ್ಲುತ್ತದೆ. ಹೆಸರನ್ನು ಕನ್ನಡದಲ್ಲೇ ಇಡಬಹುದು, ವಿಂಡೋಸ್‌ನಲ್ಲಿ ಏನೂ ತೊಂದರೆಯಿಲ್ಲ. ಒಂದು ಎಚ್ಚರಿಕೆ ಇರಲಿ. ಫೋಲ್ಡರಿನಲ್ಲಿ ಡೇಟ್ ಕ್ರಿಯೇಟೆಡ್ ಅಂತ ಕಾಣುವುದು ನೀವು ಕಾಪಿ ಮಾಡಿದ ದಿನ. ಅದನ್ನು ನಂಬಿ ಜೋಡಿಸಬೇಡಿ. ಡೇಟ್ ಟೇಕನ್ ನೋಡಿ.

ಯಾರು ಏನು ಅನ್ನುವುದಕ್ಕೆ ಪ್ರತಿ ಫೋಲ್ಡರಿನಲ್ಲೂ ಒಂದು ನೋಟ್‌ಪ್ಯಾಡ್ ಫೈಲ್ ಇಡುತ್ತೇನೆ. ಅದನ್ನು ನಾನು ಒಬ್ಬನೇ ಕೂತು ಬರೆಯಲು ಆಗುವುದಿಲ್ಲ. ದೊಡ್ಡಮ್ಮ ಪಕ್ಕದಲ್ಲಿ ಬೇಕು. ಅವರಿಗೆ ಫೋನಿನ ಚಿಕ್ಕ ತೆರೆಯಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ‘ಹೂಂ, ಚೆನ್ನಾಗೈತೆ’ ಅಂತ ವಾಪಸ್ ಕೊಟ್ಟುಬಿಡುತ್ತಾರೆ. ಲ್ಯಾಪ್‌ಟಾಪ್ ಮುಂದೆ ಕೂತರೆ ಹಾಗಲ್ಲ.

ಅಜ್ಜಿ ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುವ ಒಂದು ಫೋಟೊ ಇದೆ. ನನಗೆ ಕಂಡದ್ದು ಅಜ್ಜಿ, ಮೊರ, ಅವರೆಕಾಯಿ. ದೊಡ್ಡಮ್ಮ ಬೆರಳಿಟ್ಟು ತೋರಿಸಿದ್ದು ಹಿಂದಿನದನ್ನು. ‘ಆ ಗೋಡೆ ನೋಡು, ಅದು ನಿಮ್ ತಾತ ಕಟ್ಟಿದ್ದು. ಮಣ್ಣು ಕೆರೆಯಿಂದ ಹೊತ್ತಿದ್ವಿ. ಈಗ ಅಲ್ಲೇ ಅಲ್ವಾ ನಿಮ್ ಚಿಕ್ಕಪ್ಪ ಮೋಲ್ಡ್ ಮನೆ ಕಟ್ಟಿರೋದು?’ ಮೂಲೆಯಲ್ಲಿ ಅರ್ಧ ಕಾಣುತ್ತಿದ್ದ ಹೆಂಗಸಿನ ಸೀರೆ ಸೆರಗು ನೋಡಿ, ‘ಇದು ಪಿಳ್ಳಮ್ಮ. ಮುಖ ಕಾಣಲ್ಲ, ಆದ್ರೆ ಈ ಸೀರೆ ನಾನೇ ಕೊಟ್ಟಿದ್ದು’ ಅಂದರು. ಹೀಗೆ ಒಂದೇ ಫೋಟೊದ ಮುಂದೆ ಸುಮಾರು ಹೊತ್ತು ಕೂತಿದ್ದೆವು. ಅವರು ಹೇಳಿದ ಹಾಗೆಯೇ ಟೈಪ್ ಮಾಡಿದೆ. ಗೋಡೆ, ಮಣ್ಣು, ಪಿಳ್ಳಮ್ಮ, ಸೀರೆ. ಯಾವ ಕ್ಯಾಮೆರಾವೂ ಇದನ್ನು ಫೈಲಿನೊಳಗೆ ಬರೆಯುವುದಿಲ್ಲ. ಗೊತ್ತಿರುವವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಎಲ್ಲ ಫೋಟೊಗೂ ಹೀಗೆ ಕೂರಲು ಆಗಲ್ಲ, ಗೊತ್ತು. ವರ್ಷಕ್ಕೆ ಇಪ್ಪತ್ತು ಮೂವತ್ತು ಫೋಟೊಗಾದರೂ ಮಾಡಿದರೆ ದೊಡ್ಡದು.

ಇದೆಲ್ಲ ಆದ ಮೇಲೆ ಒಂದೇ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಮತ್ತೆ ಅದೇ ಅಪಾಯ. ಹಾರ್ಡ್ ಡಿಸ್ಕ್ ಹಾಳಾಗುವ ವಸ್ತುವೇ. ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಛಾಯಾಗ್ರಾಹಕರು 3-2-1 ಅನ್ನುವ ಲೆಕ್ಕವನ್ನು ಜನಪ್ರಿಯ ಮಾಡಿದರು. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ನಮ್ಮ ಮನೆಗೆ ಅದನ್ನು ಹೊಂದಿಸಿಕೊಂಡಿದ್ದೇವೆ. ಒಂದು ಕೋಲಾರದ ನನ್ನ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೀರುವಿನಲ್ಲಿರುವ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಮಾಲೂರಿನ ಅಕ್ಕನ ಮನೆಯಲ್ಲಿ. ತೀರಾ ಮುಖ್ಯವಾದವನ್ನು ಗೂಗಲ್‌ಗೂ ಹಾಕಿದ್ದೇವೆ. ಪೆನ್‌ಡ್ರೈವ್‌ನಲ್ಲಿ ಹಾಕಿ ವರ್ಷಗಟ್ಟಲೆ ಡಬ್ಬಿಯಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ. ಕರೆಂಟ್ ತಾಗದೆ ಬಹಳ ವರ್ಷ ಇದ್ದರೆ ಅದರಲ್ಲಿರುವುದು ನಿಧಾನವಾಗಿ ಅಳಿಸುವ ಸಾಧ್ಯತೆ ಇದೆ. ಹಾರ್ಡ್ ಡಿಸ್ಕನ್ನೂ ಆಗಾಗ ತೆಗೆದು ಓಡಿಸಿ ನೋಡಬೇಕು.

ದೊಡ್ಡಮ್ಮನಿಗೂ ಗೊತ್ತಾಗದ ಮುಖಗಳು ಕೆಲವು ಉಳಿದಿವೆ. ಅವುಗಳ ಎದುರಿಗೆ ‘ಗೊತ್ತಿಲ್ಲ, ಮುಳಬಾಗಿಲಿನ ಸೋದರತ್ತೆಯನ್ನು ಕೇಳಬೇಕು’ ಅಂತ ಬರೆದಿಟ್ಟಿದ್ದೇನೆ. ಅತ್ತೆಗೆ ಈಗ ಓಡಾಡಲು ಆಗುವುದಿಲ್ಲ, ನಾವೇ ಹೋಗಬೇಕು. ಮುಂದಿನ ವಾರ ಲ್ಯಾಪ್‌ಟಾಪ್ ತಗೊಂಡು ದೊಡ್ಡಮ್ಮನ ಜೊತೆ ಹೊರಡುತ್ತಿದ್ದೇನೆ. ಅತ್ತೆಯ ಫೋನಿನಲ್ಲೂ ಮಾವನವರ ಕಾಲದ ಫೋಟೊ ಬಹಳ ಇವೆಯಂತೆ. ಅವರ ಮಗನಿಗೆ ಫೋನ್ ಮಾಡಿ ಚಾರ್ಜರ್ ಪಿನ್ ಯಾವುದು ಅಂತ ಕೇಳಿಕೊಂಡೆ. ಟೈಪ್-ಸಿ ಅಲ್ಲ, ಹಳೇ ಚಪ್ಪಟೆ ಪಿನ್. ಆ ಕೇಬಲ್ ಅಪ್ಪನ ಹಳೇ ಫೋನಿನದೇ ಇದೆ, ಡೇಟಾ ಹೋಗುತ್ತೆ.